ಉಷ್ಣ ಅಂದುಕೊಂಡಿದ್ದೆವು

2023ರ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ನ್ಯೂಜೆರ್ಸಿಯಿಂದ ಅಕ್ಕನ ಮಗ ಫೋನ್ ಮಾಡಿದ. ಹಬ್ಬದ ವಿಷಯ, ಮಕ್ಕಳ ಶಾಲೆಯ ವಿಷಯ, ಊರಿನ ಮನೆಯ ಹಂಚು ರಿಪೇರಿಯ ವಿಷಯ ಎಲ್ಲ ಮುಗಿದ ಮೇಲೆ ಮೆಲ್ಲನೆ ಕೇಳಿದ.

"ಮಾವ, ನೀವು ಕಂಪನಿಯಲ್ಲಿ ಒಟ್ಟು ಎಷ್ಟು ವರ್ಷ ಬೆಂಕಿ ಆರಿಸ್ಲಿಕ್ಕೆ ಹೋಗ್ತಿದ್ರಿ?"

"ಇಪ್ಪತ್ತೈದು ವರ್ಷ. 1983ರಿಂದ 2008ರ ತನಕ. ಎಂತಕ್ಕೆ?"

"ಆಮೇಲೆ ಯಾವತ್ತಾದ್ರೂ ಕ್ಯಾನ್ಸರ್ ತಪಾಸಣೆ ಮಾಡಿಸಿದ್ದೀರಾ?"

ನಾನು ನಕ್ಕುಬಿಟ್ಟೆ. "ನನಗೆಂತ ಆಗಿದೆ ಮಾರಾಯ? ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೀತೇನೆ" ಎಂದೆ. ಅವನು ನಗಲಿಲ್ಲ.

ಅವನ ವಿಷಯ ಸ್ವಲ್ಪ ಹೇಳಬೇಕು. ಹಗಲು ಕಂಪ್ಯೂಟರ್ ಕೆಲಸ. ತಿಂಗಳಲ್ಲಿ ಕೆಲವು ರಾತ್ರಿ ತನ್ನ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಸ್ವಯಂಸೇವಕ. ಅಮೆರಿಕದಲ್ಲಿ ಇದು ವಿಶೇಷವೇನಲ್ಲ. 2020ರ ಲೆಕ್ಕದಂತೆ ಅಲ್ಲಿದ್ದ ಸುಮಾರು ಹತ್ತು ಲಕ್ಷ ಅಗ್ನಿಶಾಮಕರಲ್ಲಿ ನೂರಕ್ಕೆ ಅರವತ್ತೈದು ಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಬಡಗಿ, ಮೇಷ್ಟರು, ಅಂಗಡಿಯವರು, ನಮ್ಮ ಹುಡುಗನಂಥ ಇಂಜಿನಿಯರುಗಳು. ಅವನ ಠಾಣೆಯಲ್ಲಿ ನಲವತ್ತೆಂಟು ವರ್ಷದ ಒಬ್ಬನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಗಿತ್ತು. ಅದಾದ ಮೇಲೆ ಉಳಿದವರೆಲ್ಲ ಸಾಲಾಗಿ ತಪಾಸಣೆಗೆ ಹೋಗಿದ್ದರು. ಅಲ್ಲಿನ ಕೇಂದ್ರ ಸರ್ಕಾರ ಅಗ್ನಿಶಾಮಕರಿಗಾಗಿ ತೆರೆದ ಕ್ಯಾನ್ಸರ್ ನೋಂದಣಿಯಲ್ಲೂ ಹೆಸರು ಬರೆಸಿದ್ದರು. ಆ ಅರ್ಜಿ ತುಂಬುವಾಗ ಎಷ್ಟು ವರ್ಷ, ಎಂತೆಂಥ ಬೆಂಕಿ ಎಂಬ ಪ್ರಶ್ನೆಗಳಿದ್ದವಂತೆ. ಆಗ ಅವನಿಗೆ ನನ್ನ ನೆನಪಾಗಿದೆ. ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಮುಂಬೈಗೆ ಬಂದು ನನ್ನ ಹೆಲ್ಮೆಟ್ಟು ಹಾಕಿಕೊಂಡು ಚಾಳಿನ ವರಾಂಡದಲ್ಲಿ ಓಡಾಡಿದವನು ಅವನು.

ಫೋನ್ ಇಟ್ಟ ಮೇಲೆ ನಗು ನಿಂತುಹೋಯಿತು. ನೆನಪಾದದ್ದು ಅಣ್ಣ.

ನಾನು ಉಡುಪಿ ಕಡೆಯವ. 1975ರಲ್ಲಿ ಮುಂಬೈಗೆ ಬಂದೆ. ಮೊದಲು ಕ್ಯಾಂಟೀನಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, 1979ರಲ್ಲಿ ಠಾಣೆ–ಬೇಲಾಪುರ ರಸ್ತೆಯ ಒಂದು ಕೆಮಿಕಲ್ ಕಂಪನಿ ಸೇರಿದೆ. ಆಗ ಆ ರಸ್ತೆಯಲ್ಲಿ ಲೋಕಲ್ ಟ್ರೈನ್ ಇರಲಿಲ್ಲ. ಠಾಣೆ ಸ್ಟೇಷನ್ನಿನಿಂದ ಕಂಪನಿ ಬಸ್ಸು. ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಕುಂದಾಪುರ ಕಡೆಯ ಒಬ್ಬ ಹಿರಿಯ ಆಪರೇಟರ್. ನಮಗೆಲ್ಲ ಅವರು ಅಣ್ಣ. ಮರಾಠಿಯವರಿಗೂ ಅಣ್ಣಾ. ನನ್ನನ್ನು ಫೈರ್ ಸ್ಕ್ವಾಡಿಗೆ ಎಳೆದುಕೊಂಡವರೂ ಅವರೇ.

ಕಾರ್ಖಾನೆಯಲ್ಲಿ ದುಡಿಯದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕೆಮಿಕಲ್ ಕಂಪನಿಗಳಲ್ಲಿ ಬೆಂಕಿ ಆರಿಸಲೆಂದೇ ಸಂಬಳಕ್ಕಿರುವವರು ಬೆರಳೆಣಿಕೆಯ ಮಂದಿ. ಉಳಿದವರು ನಮ್ಮಂಥವರು. ಆಪರೇಟರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಸ್ಟೋರಿನವರು. ನಮ್ಮ ಶಿಫ್ಟಿನಲ್ಲಿ ಹನ್ನೆರಡು ಜನ. ವಾರಕ್ಕೊಮ್ಮೆ ಡ್ರಿಲ್. ಸೈರನ್ ಕೂಗಿದರೆ ಕೈಯಲ್ಲಿದ್ದ ಕೆಲಸ ಇನ್ನೊಬ್ಬನಿಗೆ ಒಪ್ಪಿಸಿ ಓಡಬೇಕು. ಹೋಸ್ ಬಿಚ್ಚುವುದು, ಹೈಡ್ರಂಟ್ ತೆರೆಯುವುದು, ಫೋಮ್ ಹೊಡೆಯುವುದು, ಡ್ರಮ್ಮುಗಳನ್ನು ದೂರ ಉರುಳಿಸುವುದು. ಪಕ್ಕದ ಕಂಪನಿಯಲ್ಲಿ ಬೆಂಕಿ ಬಿದ್ದರೂ ನಾವು ಹೋಗುತ್ತಿದ್ದೆವು, ನಮಗೆ ಬೇಕಾದಾಗ ಅವರು ಬರುತ್ತಿದ್ದರು. ಇದಕ್ಕೆ ತಿಂಗಳಿಗೆ ಒಂದು ಸಣ್ಣ ಭತ್ಯೆ. ಅದು ಚಹಾಕ್ಕೆ ಸಾಲುತ್ತಿತ್ತು, ಅಷ್ಟೆ. ದುಡ್ಡಿಗಾಗಿ ಯಾರೂ ಸೇರಿದವರಲ್ಲ.

ಯಾಕೆ ಸೇರಿದೆವು ಎಂದರೆ ಮರ್ಯಾದೆಗಾಗಿ. ಊರು ಬಿಟ್ಟು ಬಂದ ಹುಡುಗನಿಗೆ ಒಂದು ಹೆಲ್ಮೆಟ್ಟು, ಗಂಬೂಟು, ಎದೆಯ ಮೇಲೆ ಬಿಲ್ಲೆ. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಅಗ್ನಿಶಾಮಕ ದಿನ. 1944ರ ಆ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸ್ಫೋಟಿಸಿ, ಬೆಂಕಿ ಆರಿಸಲು ಹೋಗಿದ್ದ 66 ಅಗ್ನಿಶಾಮಕರು ಸತ್ತರು. ಅವರಿಗೆ ಎರಡು ನಿಮಿಷ ಮೌನ ಆಚರಿಸಿ, ಆಮೇಲೆ ಡ್ರಿಲ್ ಸ್ಪರ್ಧೆ, ಬಹುಮಾನ. ನನ್ನ ಮನೆಯಲ್ಲಿ ಇವತ್ತಿಗೂ ಸಕ್ಕರೆ ಇರುವುದು ಅಲ್ಲಿ ಸಿಕ್ಕಿದ ಸ್ಟೀಲ್ ಡಬ್ಬದಲ್ಲೇ.

ದೊಡ್ಡ ಬೆಂಕಿ ನೋಡಿದ್ದು 1991ರ ಮಳೆಗಾಲದಲ್ಲಿ. ಪಕ್ಕದ ಕಂಪನಿಯ ಗೋದಾಮು. ಸಾಲ್ವೆಂಟ್ ಡ್ರಮ್ಮುಗಳು ಒಂದೊಂದಾಗಿ ಹಾರುತ್ತಿದ್ದವು. ಮೇಲೆ ಸಿಮೆಂಟಿನ ಆಸ್ಬೆಸ್ಟಸ್ ಶೀಟಿನ ಮಾಡು. ಕಾವಿಗೆ ಆ ಶೀಟುಗಳು ಪಟಾಕಿಯ ಹಾಗೆ ಸಿಡಿದು ಚೂರುಚೂರಾಗಿ ನಮ್ಮ ಮೇಲೆ ಬೀಳುತ್ತಿದ್ದವು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಉಸಿರಾಡುವ ಬಿಎ ಸೆಟ್ ನಮ್ಮಲ್ಲಿದ್ದದ್ದು ನಾಲ್ಕು. ಜನ ಹನ್ನೆರಡು. ಎದುರಿಗೆ ನಿಂತವರಿಗೆ ಸೆಟ್, ಹಿಂದೆ ನಿಂತವರಿಗೆ ಒದ್ದೆ ಕರ್ಚೀಫು. ಬೆಳಗಿನ ನಾಲ್ಕಕ್ಕೆ ಜ್ವಾಲೆ ಅಡಗಿತು. ಸೆಟ್ ಹಾಕಿದವರೂ ಆಗ ತೆಗೆದರು. ಬೆಂಕಿ ಆರಿತಲ್ಲ, ಇನ್ನೇನು? ಮತ್ತೆ ಮೂರು ಗಂಟೆ ಹೊಗೆಯಾಡುತ್ತಿದ್ದ ಬೂದಿಯನ್ನು ಕೆದಕುತ್ತಾ, ನೀರು ಹೊಡೆಯುತ್ತಾ ಅಲ್ಲೇ ಇದ್ದೆವು. ಏಳು ಗಂಟೆಗೆ ಕ್ಯಾಂಟೀನಿನವರು ವಡಾಪಾವ್ ತಂದರು. ಕಪ್ಪು ಕೈಯಲ್ಲೇ ತಿಂದೆವು. ಎರಡು ದಿನ ಕಫ ಕಪ್ಪಾಗಿಯೇ ಬಂತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. ಚಾಳಿನವರು ಸುತ್ತ ನೆರೆದರು. ಕಪ್ಪು ಮುಖ ಎಂದರೆ ನಮಗೆ ಶೌರ್ಯದ ಗುರುತು. ಆ ಖಾಕಿ ಬಟ್ಟೆಯನ್ನು ಅವಳು ಮಕ್ಕಳ ಯೂನಿಫಾರ್ಮಿನ ಜೊತೆಗೇ ನೆನೆಸಿ ಒಗೆದಳು. ಒಗೆದರೂ ವಾಸನೆ ಹೋಗಲಿಲ್ಲ. ಅಡುಗೆ ಮನೆಯ ಬಾಗಿಲ ಹಿಂದಿನ ಮೊಳೆಗೇ ಅದು ನೇತಾಡುತ್ತಿತ್ತು. ಇದ್ದದ್ದು ಒಂದೇ ಖೋಲಿ, ಬೇರೆಲ್ಲಿ ಹಾಕುವುದು?

ಈಗ ಅಣ್ಣನ ಕತೆ.

2013ರ ಬೇಸಿಗೆ. ಅಣ್ಣ ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಯಕ್ಷಗಾನದ ಆಟ ಮುಗಿಸಿ ಒಟ್ಟಿಗೆ ವಾಪಸು ಬರುತ್ತಿದ್ದಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ಮಾರಾಯ, ನಿನ್ನೆಯಿಂದ ಮೂತ್ರ ಕೆಂಪು ಹೋಗ್ತಾ ಉಂಟು. ನೋವು ಎಂತದೂ ಇಲ್ಲ."

ನಾನು ಏನು ಹೇಳಿದೆ ಎಂಬುದು ನನಗೆ ಅಕ್ಷರ ಅಕ್ಷರ ನೆನಪಿದೆ. "ಉಷ್ಣ ಆಗಿರ್ಬೇಕು ಅಣ್ಣ. ಬಾರ್ಲಿ ನೀರು ಕುಡೀರಿ. ಕೊತ್ತಂಬರಿ ಜೀರಿಗೆ ಕಷಾಯ ಮಾಡ್ಲಿಕ್ಕೆ ಅತ್ತಿಗೆಗೆ ಹೇಳಿ."

ನಮ್ಮ ಕಡೆ ಎಲ್ಲದಕ್ಕೂ ಉಷ್ಣವೇ ಕಾರಣ. ಬಾಯಿ ಹುಣ್ಣು ಉಷ್ಣ, ಕಣ್ಣುರಿ ಉಷ್ಣ, ಮೂಗಿನಲ್ಲಿ ರಕ್ತ ಬಂದರೂ ಉಷ್ಣ. ಅಣ್ಣ ಕಷಾಯ ಕುಡಿದರು. ಮೂರನೆಯ ದಿನ ಕೆಂಪು ನಿಂತಿತು. "ನಿನ್ನ ಮದ್ದು ತಾಗಿತು" ಎಂದು ಫೋನ್ ಮಾಡಿ ಹೇಳಿದರು. ನನಗೂ ಹೆಮ್ಮೆಯಾಯಿತು.

ಆಮೇಲೆ ತಿಳಿದ ವಿಷಯ ಇದು. ಮೂತ್ರಕೋಶದ ಕ್ಯಾನ್ಸರಿನಲ್ಲಿ ರಕ್ತ ಹೀಗೆಯೇ ಬರುತ್ತದೆ. ನೋವಿಲ್ಲದೆ ಬರುತ್ತದೆ, ತಾನಾಗಿಯೇ ನಿಲ್ಲುತ್ತದೆ, ವಾರವೋ ತಿಂಗಳೋ ಬಿಟ್ಟು ಮತ್ತೆ ಬರುತ್ತದೆ. ಯಾವ ಕಷಾಯ ಕುಡಿದರೂ, ಕುಡಿಯದಿದ್ದರೂ ನಿಲ್ಲುತ್ತದೆ. ನಿಂತದ್ದನ್ನು ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ. ಅಣ್ಣನಿಗೆ ಎರಡು ತಿಂಗಳ ಮೇಲೆ ಮತ್ತೆ ಬಂತು. ಮತ್ತೆ ಬಾರ್ಲಿ. ಗಣಪತಿ ಹಬ್ಬದ ಹೊತ್ತಿಗೆ ಇನ್ನೊಮ್ಮೆ. ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ರಾತ್ರಿ ರಕ್ತದ ಗೆಡ್ಡೆಗಳು ಅಡ್ಡವಾಗಿ ಮೂತ್ರವೇ ಕಟ್ಟಿಹೋಯಿತು. ಆಂಬುಲೆನ್ಸಿನಲ್ಲಿ ಸಾಗಿಸಬೇಕಾಯಿತು. ಗೆಡ್ಡೆ ಮೂತ್ರಕೋಶದ ಸ್ನಾಯುವಿನೊಳಗೆ ಇಳಿದಿದೆ ಎಂದು ರಿಪೋರ್ಟು ಬಂತು.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲ ದಿನ ನಾನೂ ಜೊತೆಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು ಕೇಳಿ ಕೇಳಿ ಬರೆದುಕೊಂಡರು.

"ಏನು ಕೆಲಸ ಮಾಡುತ್ತಿದ್ದಿರಿ?"

"ಕೆಮಿಕಲ್ ಕಂಪನಿ. ಆಪರೇಟರ್."

"ಬೀಡಿ, ಸಿಗರೇಟು?"

"ಬೀಡಿ ಇತ್ತು. ಬಿಟ್ಟು ಹದಿನೈದು ವರ್ಷ ಆಯಿತು."

ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಇಪ್ಪತ್ತೆಂಟು ವರ್ಷ ಹೊಗೆ ಕುಡಿದದ್ದನ್ನು ಅಣ್ಣ ಹೇಳಲಿಲ್ಲ. ಪಕ್ಕದಲ್ಲಿದ್ದ ನಾನೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ನೆನಪೇ ಆಗಲಿಲ್ಲ. ಡಾಕ್ಟರು ಕೇಳಿದ್ದು ಕೆಲಸದ ಬಗ್ಗೆ. ಅದು ನಮ್ಮ ಕೆಲಸವಾಗಿರಲಿಲ್ಲವಲ್ಲ, ಸೇವೆಯಾಗಿತ್ತು.

ಮೂತ್ರಕೋಶ ತೆಗೆದು, ಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಪಕ್ಕದಲ್ಲಿ ದಾರಿ ಮಾಡಿ ಚೀಲ ಅಂಟಿಸಿದರು. ಅಣ್ಣ ಅದಕ್ಕೂ ಒಗ್ಗಿಕೊಂಡರು, ಆದರೆ ಆಟಕ್ಕೆ ಬರುವುದನ್ನು ಬಿಟ್ಟರು. "ಪಕ್ಕದವರಿಗೆ ವಾಸನೆ ಬಂದ್ರೆ?" ಎಂದು ಹೇಳುತ್ತಿದ್ದರು. ಜೀವಮಾನವಿಡೀ ಹೊಗೆ ವಾಸನೆಯ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ನಮ್ಮ ಪಕ್ಕ ಕೂತವರು! 2017ರ ಜನವರಿಯಲ್ಲಿ ತೀರಿಕೊಂಡರು. ಊರಿನಿಂದ ಚಿಕಿತ್ಸೆಗೆ ಬರುವ ಕ್ಯಾನ್ಸರ್ ರೋಗಿಗಳಿಗೆ ನಮ್ಮ ಮುಂಬೈಯ ಮನೆಗಳು ಎಷ್ಟೋ ಕಾಲದಿಂದ ಧರ್ಮಛತ್ರಗಳು. ಪರೇಲಿನ ಟಾಟಾ ಆಸ್ಪತ್ರೆ 1941ರಲ್ಲಿ ಶುರುವಾದದ್ದು, ಅಂದಿನಿಂದ ಆ ಹಾದಿಯಲ್ಲಿ ಎಷ್ಟು ಕನ್ನಡದ ಮನೆಗಳವರು ನಡೆದಿದ್ದಾರೋ. ಅಣ್ಣನೂ ಅಂಥ ಎಷ್ಟೋ ಜನರನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದವರೇ. ತನ್ನ ಸರದಿ ಬಂದಾಗ ಮಾತ್ರ ನನ್ನ ಬಾರ್ಲಿ ನೀರನ್ನು ನಂಬಿದರು.

ಅಳಿಯನ ಫೋನ್ ಬಂದ ಮೇಲೆ ನಾನು ಓದತೊಡಗಿದೆ. ಮಗಳು ಇಂಗ್ಲಿಷಿನ ಗಂಟುಗಳನ್ನು ಬಿಡಿಸಿಕೊಟ್ಟಳು.

1775ರಷ್ಟು ಹಿಂದೆಯೇ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ, ಚಿಮಣಿ ಗುಡಿಸುವವರಿಗೆ ವೃಷಣದ ಚೀಲದ ಮೇಲೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಬರೆದಿದ್ದರು. ಮಸಿ ಚರ್ಮದ ಮಡಿಕೆಗಳಲ್ಲಿ ಕೂತು ತನ್ನ ಕೆಲಸ ಮಾಡುತ್ತದೆ. ಅಗ್ನಿಶಾಮಕರ ವಿಷಯದಲ್ಲಿ ತೀರ್ಮಾನಕ್ಕೆ ಬರಲು ಮತ್ತೆ ಎರಡೂವರೆ ಶತಮಾನ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಈ ಕೆಲಸವನ್ನು 'ಕ್ಯಾನ್ಸರ್ ತರಬಹುದು' ಎಂಬ ಗುಂಪಿನಲ್ಲಿಟ್ಟಿತ್ತು. 2022ರ ಜೂನಿನಲ್ಲಿ ಅದನ್ನು ಒಂದನೇ ಗುಂಪಿಗೆ ಏರಿಸಿತು. ತಂಬಾಕಿನ ಹೊಗೆ, ಆಸ್ಬೆಸ್ಟಸ್ ಇರುವ ಗುಂಪು ಅದು. ಸಾಕಷ್ಟು ಪುರಾವೆ ಇರುವುದು ಎರಡಕ್ಕೆ. ಒಂದು ಮೀಸೋಥೀಲಿಯೋಮಾ, ಅಂದರೆ ಶ್ವಾಸಕೋಶದ ಹೊದಿಕೆಯಂಥ ಪೊರೆಗಳಲ್ಲಿ ಆಸ್ಬೆಸ್ಟಸ್‌ನಿಂದ ಬರುವ ಕ್ಯಾನ್ಸರ್. ಇನ್ನೊಂದು ಮೂತ್ರಕೋಶದ ಕ್ಯಾನ್ಸರ್. ದೊಡ್ಡ ಕರುಳು, ಪ್ರೊಸ್ಟೇಟ್, ವೃಷಣ, ಚರ್ಮದ ಮೆಲನೋಮಾ, ಒಂದು ಬಗೆಯ ಲಿಂಫೋಮಾ ಇವುಗಳಿಗೆ ಸೀಮಿತ ಪುರಾವೆ ಇದೆ.

ಮೂತ್ರಕೋಶ ಎಂಬ ಪದ ಓದಿದಾಗ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೊಗೆ ಶ್ವಾಸದಿಂದ ಹೋಗುತ್ತದೆ, ಚರ್ಮದಿಂದಲೂ ಇಳಿಯುತ್ತದೆ. ಕುತ್ತಿಗೆ, ಕಿವಿಯ ಹಿಂದೆ, ಮಣಿಕಟ್ಟು, ತೊಡೆಸಂದು. ರಕ್ತಕ್ಕೆ ಸೇರಿದ ವಿಷವನ್ನು ಮೂತ್ರಪಿಂಡ ಸೋಸಿ ಕೆಳಗೆ ಕಳಿಸುತ್ತದೆ. ಆ ಸೋಸಿದ ನೀರು ಗಂಟೆಗಟ್ಟಲೆ ತಂಗುವ ಜಾಗವೇ ಮೂತ್ರಕೋಶ. ಜ್ವಾಲೆ ಆರಿದ ಮೇಲಿನ ಬೂದಿಯಲ್ಲೂ ಬೆಂಜೀನ್, ಫಾರ್ಮಾಲ್ಡಿಹೈಡ್, ಮಸಿಯ ಸಂಯುಕ್ತಗಳು ಏಳುತ್ತಲೇ ಇರುತ್ತವೆ. ಸೆಟ್ ತೆಗೆದಿಟ್ಟು ಮೂರು ಗಂಟೆ ಕೆದಕಿದೆವಲ್ಲ, ಆ ಹೊತ್ತು. ಅಳಿಯನ ಠಾಣೆಯಲ್ಲಿ ಈಗ ಬೆಂಕಿಯ ಜಾಗದಲ್ಲೇ ಬಟ್ಟೆಗೆ ನೀರು ಹೊಡೆದು, ಚೀಲಕ್ಕೆ ತುಂಬಿ, ಕುತ್ತಿಗೆ ಕೈ ಒರೆಸಿಕೊಂಡು, ಠಾಣೆಗೆ ಬಂದವರೇ ಸ್ನಾನ ಮಾಡುತ್ತಾರಂತೆ. ಆ ಬಟ್ಟೆಯನ್ನು ಮನೆಗೆ ಒಯ್ಯುವ ಹಾಗೇ ಇಲ್ಲ.

ಇದನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು, "ಹಾಗಾದ್ರೆ ಆ ಬಟ್ಟೆ ಒಗೆದ ನಾನು?"

ನನ್ನಲ್ಲಿ ಉತ್ತರ ಇರಲಿಲ್ಲ. ಆಸ್ಬೆಸ್ಟಸ್ ಕಾರ್ಖಾನೆಯ ಕೆಲಸಗಾರರ ಬಟ್ಟೆ ಒಗೆದ ಹೆಂಡಂದಿರಿಗೂ ಮೀಸೋಥೀಲಿಯೋಮಾ ಬಂದದ್ದು ದಾಖಲಾಗಿದೆ ಎಂದು ಓದಿದ್ದೆ. ಅದನ್ನು ಅವಳಿಗೆ ಹೇಳಲು ಎರಡು ದಿನ ಬೇಕಾಯಿತು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಣ್ಣನ ರೋಗ ಬೆಂಕಿಯಿಂದಲೇ ಬಂತು ಎಂದು ನಾನು ಹೇಳಲಾರೆ. ಮೂತ್ರಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಬೀಡಿ ಸಿಗರೇಟು, ಅವರಿಗೆ ಆ ಚಟ ಇತ್ತು. ಬಣ್ಣ ತಯಾರಿಸುವಲ್ಲಿ ಬಳಸುತ್ತಿದ್ದ ಬೆಂಜಿಡೀನ್‌ನಂಥ ರಾಸಾಯನಿಕಗಳೂ ಇದೇ ರೋಗ ತರುತ್ತವೆ, ಕೆಮಿಕಲ್ ಕಂಪನಿಯವರು ಅದನ್ನೂ ಮರೆಯುವ ಹಾಗಿಲ್ಲ. ಒಂದನೇ ಗುಂಪು ಎಂದರೆ ಪುರಾವೆ ಗಟ್ಟಿ ಎಂದು ಅರ್ಥ, ಬೆಂಕಿ ಆರಿಸಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಆದರೆ ಮೂರು ಕಾರಣಗಳಲ್ಲಿ ಒಂದನ್ನು ನಾವೇ ಡಾಕ್ಟರಿಗೆ ಹೇಳದೆ ಬಂದೆವಲ್ಲ, ಅದು ನನ್ನನ್ನು ಕಾಡುತ್ತದೆ.

ಡಾಕ್ಟರ ಹತ್ತಿರ ಹೋಗಲು ನನಗೆ ಮೂರು ತಿಂಗಳು ಹಿಡಿಯಿತು. ಹೆದರಿಕೆ. ಬೆಂಕಿಯ ಎದುರು ನಿಂತವ ಒಂದು ಶೀಶೆಯಲ್ಲಿ ಮೂತ್ರ ಕೊಡಲು ಹೆದರಿದೆ. ಮೊದಲು ಸುಲಭದ ದಾರಿ ಹುಡುಕಿದೆ. ಪೇಪರಿನ ಜಾಹೀರಾತು ನೋಡಿ, ಮನೆಗೇ ಬಂದು ರಕ್ತ ತೆಗೆಯುವ 'ಫುಲ್ ಬಾಡಿ ಪ್ಯಾಕೇಜ್' ಮಾಡಿಸಿದೆ. ಎಂಬತ್ತಕ್ಕೂ ಹೆಚ್ಚು ಪರೀಕ್ಷೆ, ಜೊತೆಗೆ ಟ್ಯೂಮರ್ ಮಾರ್ಕರ್. ಎಲ್ಲ ಸರಿ ಬಂತು. ಅದನ್ನು ಹಿಡಿದುಕೊಂಡು ಧೈರ್ಯದಿಂದ ನಮ್ಮ ಕಾಲೊನಿಯ ಡಾಕ್ಟರ ಬಳಿ ಹೋದೆ. ಅವರು ಪುಟ ತಿರುವಿ, "ಇದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲ" ಎಂದರು. ಏನೂ ತೊಂದರೆ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಆ ಮಾರ್ಕರುಗಳು ನಂಬಿಕೆಗೆ ತಕ್ಕವಲ್ಲ. ರೋಗ ಇದ್ದರೂ ಸರಿ ಎನ್ನಬಹುದು, ಇಲ್ಲದಿದ್ದರೂ ಹೆದರಿಸಬಹುದು.

ಆಗ ಮೊದಲ ಬಾರಿಗೆ ನಾನು ಹೇಳಿದೆ. "ಡಾಕ್ಟರೇ, ನಾನು ಇಪ್ಪತ್ತೈದು ವರ್ಷ ಫೈರ್ ಸ್ಕ್ವಾಡಿನಲ್ಲಿದ್ದೆ."

ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ನಮ್ಮ ದೇಶದ ಸರ್ಕಾರಿ ತಪಾಸಣೆ ಕಾರ್ಯಕ್ರಮ ಮೂವತ್ತು ದಾಟಿದವರಲ್ಲಿ ನೋಡುವುದು ಮೂರು ಕ್ಯಾನ್ಸರ್. ಬಾಯಿ, ಸ್ತನ, ಗರ್ಭಕೊರಳು. ಮೂತ್ರಕೋಶಕ್ಕೆ ಎಲ್ಲರಿಗೂ ಮಾಡಬೇಕಾದ ತಪಾಸಣೆ ಎಂದು ಇಲ್ಲ. ಮೀಸೋಥೀಲಿಯೋಮಾಕ್ಕೆ ಪ್ರಯೋಜನ ಸಾಬೀತಾದ ತಪಾಸಣೆಯೇ ಇಲ್ಲ. ಆದರೆ ಹೊಗೆಯಲ್ಲಿ ದುಡಿದವನಿಗೆ ಮಾಡಬಹುದಾದದ್ದು ಇದೆ. ಮೂತ್ರದಲ್ಲಿ ಕಣ್ಣಿಗೆ ಕಾಣದ ರಕ್ತಕಣ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕರುಳಿಗಾಗಿ ಮಲದಲ್ಲಿ ಅಡಗಿದ ರಕ್ತದ ಪರೀಕ್ಷೆ. ಚರ್ಮದ ಮೇಲೆ ಹೊಸ ಮಚ್ಚೆ, ಬದಲಾದ ಮಚ್ಚೆ ನೋಡುವುದು. ಬಾಯಿ ನೋಡುವುದು. ಪ್ರೊಸ್ಟೇಟ್ ಬಗ್ಗೆ ಮಾತಾಡಿ ನಿರ್ಧರಿಸುವುದು.

ಮೂತ್ರದಲ್ಲಿ ಕೆಂಪು ಕಣ ಕಂಡಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣನ ಚೀಲ ಕಣ್ಣ ಮುಂದೆ ಬಂತು. ಹೆಂಡತಿ ಬೆಳಿಗ್ಗೆ ಚಹಾ ಕೊಡುತ್ತಾ, "ಬಾರ್ಲಿ ಬೇಯಿಸ್ಲಾ?" ಎಂದಳು. ನಾನು ಮುಖ ನೋಡಿದೆ. ಕುಚೋದ್ಯಕ್ಕೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಅವಳಿಗೂ ಬೇರೇನು ಮಾಡಬೇಕು ಎಂದು ತೋಚಿರಲಿಲ್ಲ. "ಬೇಡ, ತಜ್ಞರ ಹತ್ತಿರ ಹೋಗುವ" ಎಂದೆ.

ಸೋನೋಗ್ರಫಿ ಆಯಿತು. ಆಮೇಲೆ ಸಿಸ್ಟೋಸ್ಕೋಪಿ. ಮೂತ್ರದ ದಾರಿಯಲ್ಲೇ ಕ್ಯಾಮೆರಾ ಇರುವ ತೆಳ್ಳಗಿನ ನಳಿಕೆ ಬಿಟ್ಟು ಒಳಗೆ ನೋಡುತ್ತಾರೆ. ಮರಗಟ್ಟಿಸುವ ಜೆಲ್ ಹಾಕುತ್ತಾರೆ, ನೋವಿಗಿಂತ ಮುಜುಗರ ಹೆಚ್ಚು. ಎರಡು ದಿನ ಉರಿ ಇತ್ತು. ಪರದೆಯ ಮೇಲೆ ನನ್ನ ಮೂತ್ರಕೋಶವನ್ನು ನಾನೇ ನೋಡಿದೆ. ನಸುಗೆಂಪು ಗೋಡೆ, ಸಣ್ಣ ರಕ್ತನಾಳಗಳು. ಗೆಡ್ಡೆ ಇರಲಿಲ್ಲ. ಮೂತ್ರಪಿಂಡದಲ್ಲಿ ಒಂದು ಸಣ್ಣ ಕಲ್ಲಿತ್ತು, ಕೆಂಪು ಕಣಗಳಿಗೆ ಅದೇ ಕಾರಣವಾಗಿರಬೇಕು ಎಂದರು. ಕುಣಿಯುವಷ್ಟು ಸಂತೋಷವಾಯಿತು. ತಜ್ಞರು ಮಾತ್ರ, "ಇದು ಇವತ್ತಿನ ಮಾತು. ಮುಂದೆ ಯಾವತ್ತಾದರೂ ಕೆಂಪು ಕಂಡರೆ, ಒಂದೇ ಒಂದು ಸಲ ಕಂಡರೂ, ಕಾಯಬೇಡಿ" ಎಂದರು. ಕಲ್ಲಿಗಾಗಿ ಇಷ್ಟೆಲ್ಲ ಹೆದರಿ ಹಣ ಕಳೆದುಕೊಂಡೆನಲ್ಲ ಎಂದು ಯಾರಾದರೂ ಹೇಳಬಹುದು. ತಪಾಸಣೆಯ ಬೆಲೆಯಲ್ಲಿ ಈ ಹೆದರಿಕೆಯೂ ಸೇರಿದೆ, ಅದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. ಸ್ತನ, ಗರ್ಭಕೊರಳು ಎರಡರ ತಪಾಸಣೆಯನ್ನೂ ಅವಳು ಅರವತ್ತೆರಡು ವರ್ಷದವರೆಗೆ ಒಮ್ಮೆಯೂ ಮಾಡಿಸಿರಲಿಲ್ಲ. ಬಟ್ಟೆ ಒಗೆದದ್ದನ್ನೂ ಡಾಕ್ಟರಿಗೆ ಹೇಳಿದಳು. ಅವರು ಬರೆದುಕೊಂಡರು.

ಆ ಬರೆದುಕೊಳ್ಳುವುದೇ ನನ್ನ ತಲೆಯಲ್ಲಿ ಉಳಿಯಿತು. ಅಮೆರಿಕ 2018ರಲ್ಲಿ ಕಾನೂನು ಮಾಡಿ 2023ರ ಏಪ್ರಿಲಿನಲ್ಲಿ ತೆರೆದ ಆ ನೋಂದಣಿಯೂ ಯಾರಿಗೂ ಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ಬರೆದುಕೊಳ್ಳುತ್ತದೆ. ಸಂಬಳದವರು, ಸ್ವಯಂಸೇವಕರು, ನಿವೃತ್ತರು, ರೋಗ ಇದ್ದವರು, ಇಲ್ಲದವರು, ಎಲ್ಲರನ್ನೂ. 1944ರಲ್ಲಿ ಡಾಕ್‌ನಲ್ಲಿ ಸತ್ತ 66 ಮಂದಿಯನ್ನು ನಾವು ಪ್ರತಿ ವರ್ಷ ಎಣಿಸುತ್ತೇವೆ, ಅವರು ಒಂದೇ ದಿನ ಸತ್ತರು. ಬೆಂಕಿ ಆರಿ ಮೂವತ್ತು ವರ್ಷದ ಮೇಲೆ ಆಸ್ಪತ್ರೆಯ ಮಂಚದ ಮೇಲೆ ಸಾಯುವವನನ್ನು ಯಾರು ಎಣಿಸಬೇಕು? ಕಂಪನಿಯ ದಾಖಲೆಯಲ್ಲಿ ಅವನು ಆಪರೇಟರ್. ಆಸ್ಪತ್ರೆಯ ದಾಖಲೆಯಲ್ಲೂ ಆಪರೇಟರ್. ನಮ್ಮ ಕಂಪನಿಯಂತೂ ಮುಚ್ಚಿ ಅಲ್ಲಿ ಈಗ ಗಾಜಿನ ಕಟ್ಟಡ ಎದ್ದಿದೆ. ಡ್ರಿಲ್ ರಿಜಿಸ್ಟರು ಯಾವ ರದ್ದಿಗೆ ಹೋಯಿತೋ.

ಅದಕ್ಕೆ ನಾನೇ ಒಂದು ಹಾಳೆ ಬರೆದೆ. ಹೆಸರು, ಹುಟ್ಟಿದ ವರ್ಷ. ಯಾವ ವರ್ಷದಿಂದ ಯಾವ ವರ್ಷದವರೆಗೆ ಸ್ಕ್ವಾಡಿನಲ್ಲಿದ್ದೆ. ನೆನಪಿರುವ ದೊಡ್ಡ ಬೆಂಕಿಗಳು, ಏನು ಸುಟ್ಟಿತು, ಎಷ್ಟು ಹೊತ್ತು ನಿಂತೆ. ಸೆಟ್ ಇತ್ತೋ, ಕರ್ಚೀಫೋ. ಫೋಮ್ ಮುಟ್ಟಿದ್ದು, ಆಸ್ಬೆಸ್ಟಸ್ ಶೀಟು. ಬೀಡಿ ಸಿಗರೇಟು ಇತ್ತೋ ಇಲ್ಲವೋ. ಬಟ್ಟೆ ಯಾರು ಒಗೆದರು. ಒಂದು ಪ್ರತಿ ನನ್ನ ಆಸ್ಪತ್ರೆ ಫೈಲಿನ ಮೊದಲ ಪುಟವಾಗಿ ಸೇರಿಸಿದೆ.

ಹಳೆಯ ಸ್ಕ್ವಾಡಿನ ಹನ್ನೆರಡರಲ್ಲಿ ಏಳು ಮಂದಿಯ ಫೋನ್ ನಂಬರು ಸಿಕ್ಕಿತು. ಒಬ್ಬ ಡೊಂಬಿವ್ಲಿ, ಒಬ್ಬ ಪುಣೆ, ಒಬ್ಬ ಸತಾರಾದ ಹಳ್ಳಿ, ಹೀಗೆ. ನಮ್ಮ ಸಂಘದ ಹಾಲಿನಲ್ಲಿ ಒಂದು ಭಾನುವಾರ ಐದು ಜನ ಸೇರಿದೆವು. ಮೊದಲ ಅರ್ಧ ಗಂಟೆ ಹಳೆಯ ಜಂಬ, ಡ್ರಮ್ಮು ಹಾರಿದ ಕತೆ, ನಗು. ಹಾಳೆ ಹಂಚಿದ ಮೇಲೆ ಸದ್ದಡಗಿತು. ಸ್ವಲ್ಪ ಹೊತ್ತಿನಲ್ಲಿ ಫಿಟ್ಟರ್ ಆಗಿದ್ದ ಮರಾಠಿ ಗೆಳೆಯ ತಲೆ ಎತ್ತದೆ ಹೇಳಿದ, ತನಗೂ ಹೋದ ವರ್ಷ ಒಮ್ಮೆ ಕೆಂಪು ಹೋಗಿತ್ತು, ತಾನಾಗಿಯೇ ನಿಂತಿತು ಎಂದು. ಮಾರನೆಯ ದಿನವೇ ಅವನನ್ನು ತಜ್ಞರ ಬಳಿ ಕರೆದುಕೊಂಡು ಹೋದೆ. ಗೆಡ್ಡೆ ಇತ್ತು. ಒಳಪೊರೆಯಲ್ಲೇ ಇತ್ತು, ಸ್ನಾಯುವಿಗೆ ಇಳಿದಿರಲಿಲ್ಲ. ಕೆರೆದು ತೆಗೆದಿದ್ದಾರೆ. ಈಗ ಮೂರು ತಿಂಗಳಿಗೊಮ್ಮೆ ಅವನಿಗೆ ಆ ಕ್ಯಾಮೆರಾ ಪರೀಕ್ಷೆ, ಪ್ರತಿ ಸಲವೂ ಹೆದರುತ್ತಾನೆ, ಪ್ರತಿ ಸಲವೂ ಹೋಗುತ್ತಾನೆ.

ಇದನ್ನು ಓದುವ ನಿಮ್ಮ ಮನೆಯಲ್ಲೂ ಅಂಥವರು ಇರಬಹುದು. ಪಿಂಪ್ರಿ–ಚಿಂಚ್‌ವಾಡದಲ್ಲಿ, ಹೈದರಾಬಾದಿನ ಪಟಾನ್‌ಚೆರುವಿನಲ್ಲಿ, ಚೆನ್ನೈಯ ಮಣಲಿಯಲ್ಲಿ ಕಾರ್ಖಾನೆಯ ಫೈರ್ ಸ್ಕ್ವಾಡಿನಲ್ಲೋ ಸಿವಿಲ್ ಡಿಫೆನ್ಸಿನಲ್ಲೋ ಇದ್ದ ಅಪ್ಪ, ಮಾವ, ಚಿಕ್ಕಪ್ಪ. ಅವರಾಗಿ ಹೇಳುವುದಿಲ್ಲ, ಅದು ಅವರಿಗೆ ಕೆಲಸವೇ ಅಲ್ಲ. ನೀವು ಕೇಳಿ. ಒಂದು ಹಾಳೆ ಬರೆಸಿ, ಡಾಕ್ಟರಿಗೆ ಕೊಡಿ. ಮೂತ್ರ ಕೆಂಪಾದರೆ ಕಷಾಯಕ್ಕೆ ಒಲೆ ಹಚ್ಚುವ ಮೊದಲು ಪರೀಕ್ಷೆ ಮಾಡಿಸಿ.

ಹೋದ ತಿಂಗಳು ಅಣ್ಣನ ಮನೆಗೆ ಹೋಗಿದ್ದೆ. ಆ ಭಾನುವಾರದ ಸುದ್ದಿ ಅತ್ತಿಗೆಗೆ ಯಾರೋ ಹೇಳಿದ್ದರು. ಬಾರ್ಲಿ ನೀರಿನ ವಿಷಯವನ್ನು ಏಳು ವರ್ಷದಿಂದ ಅವರ ಎದುರು ಎತ್ತಿರಲಿಲ್ಲ. ಅವತ್ತು ಎತ್ತಿದೆ. "ಅತ್ತಿಗೆ, ನಾನು ಅವತ್ತೇ ಡಾಕ್ಟರ ಹತ್ತಿರ ಹೋಗಿ ಅನ್ನಬೇಕಿತ್ತು" ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ಅಣ್ಣನ ಆಸ್ಪತ್ರೆ ಫೈಲು ತಂದು ನನ್ನ ಮುಂದಿಟ್ಟರು.

"ಕಷಾಯ ಮಾಡಿಕೊಟ್ಟವಳು ನಾನೇ ಅಲ್ವಾ" ಎಂದರು. "ಅವರದ್ದೂ ಒಂದು ಹಾಳೆ ಬರೀರಿ. ಇದ್ರಲ್ಲಿ ಎಲ್ಲೂ ಬೆಂಕಿ ಆರಿಸ್ತಿದ್ರು ಅಂತ ಬರ್ದಿಲ್ಲ."

ಅಲ್ಲೇ ಕೂತು ಬರೆದೆ. ಬಟ್ಟೆ ಯಾರು ಒಗೆದರು ಎಂಬಲ್ಲಿ ಅವರ ಹೆಸರನ್ನು ಅವರ ಕೈಯಲ್ಲೇ ಬರೆಸಿದೆ.